ಕಂಪನದಲ್ಲಿ ಕಂಡ ಭೂಗರ್ಭ

1897ನೆಯ ಇಸವಿಯ ಜೂನ್ 12, ಶನಿವಾರ. ಸಂಜೆ ಐದೂಕಾಲು ಗಂಟೆಯ ಸಮಯ. ಷಿಲ್ಲಾಂಗಿನ ಬೆಟ್ಟಗಳಲ್ಲಿ ಗುಡುಗಿನಂಥ ಶಬ್ದವೊಂದು ಕೇಳಿಬಂದಿತು. ಅದೇನೆಂದು ಜನ ತಲೆಯೆತ್ತಿ ನೋಡುವಷ್ಟರಲ್ಲಿಯೇ ಕಾಲ ಕೆಳಗಿನ ನೆಲ ತೂಗಾಡತೊಡಗಿತು. ನೋಡನೋಡುತ್ತಿದ್ದಂತೆ ಊರಿನ ಕಲ್ಲುಕಟ್ಟಡಗಳೆಲ್ಲ ನೆಲಸಮವಾದುವು. ರಸ್ತೆಯ ಮೇಲಿನ ಬಿಡಿಗಲ್ಲುಗಳು ಮೊರದಲ್ಲಿ ಕೇರುವ ಕಾಳುಗಳಂತೆ ಮೇಲಕ್ಕೆ ನೆಗೆದುವು. ಸುಮಾರು ನಾಲ್ಕು ಲಕ್ಷ ಚದರ ಕಿಲೋಮೀಟರು ಪ್ರದೇಶ ಹಾನಿಗೀಡಾಯಿತು. ಗುಡ್ಡಗಳು ಕುಸಿದು ಅನೇಕರು ಮಣ್ಣಿನಡಿಯಲ್ಲಿ ಸಿಕ್ಕಿಕೊಂಡರು. ಸತ್ತವರ ಸಂಖ್ಯೆ ಸುಮಾರು ಒಂದೂವರೆ ಸಾವಿರ. ಜನರಲ್ಲಿ ಹಲವರು ಮನೆಯ ಹೊರಗಿದ್ದ ಹೊತ್ತಾದ್ದರಿಂದ ಸಾವು ಇಷ್ಟಕ್ಕೇ ನಿಂತಿತು; ಇದೇ ಕಂಪನ ನಡುರಾತ್ರಿಯಲ್ಲಿ ಆಗಿದ್ದರೆ ಸತ್ತವರನ್ನು ಎಣಿಸುವುದೂ ಕಷ್ಟವಾಗುತ್ತಿತ್ತು.

ಈ ಮಹಾಕಂಪನದ ಅಧ್ಯಯನವನ್ನು ಕೈಗೊಂಡವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ರಿಚರ್ಡ್ ಡಿಕ್ಸನ್ ಓಲ್ಡ್‌ಹ್ಯಾಮ್. ಅವರು ಹುಟ್ಟಿದುದು 1858ರಲ್ಲಿ, ಐರ್ಲೆಂಡಿನ ಡಬ್ಲಿನ್ ನಗರದಲ್ಲಿ. ಅವರ ತಂದೆ ಥಾಮಸ್ ಓಲ್ಡ್‌ಹ್ಯಾಮ್ 1851ರಿಂದ ಅದೇ ಸಂಸ್ಥೆಯನ್ನು ಕಟ್ಟಿ ಬೆಳೆಸಿದವರು. ಭಾರತದಲ್ಲಿ ಸಂಭವಿಸಿದ ಭೂಕಂಪಗಳ ಪಟ್ಟಿಯೊಂದನ್ನೂ, 1869ರಲ್ಲಿ ಕಾಛಾರವನ್ನು ನಡುಗಿಸಿದ ಭೂಕಂಪದ ವರದಿಯನ್ನೂ ಆತನು ಸಿದ್ಧಪಡಿಸುತ್ತಿದ್ದನು. ಅವು ಪ್ರಕಟವಾಗುವ ಮೊದಲೇ, 1878ರಲ್ಲಿ, ತೀರಿಕೊಂಡನು. ಮರುವರ್ಷ ಮಗನು ಭಾರತಕ್ಕೆ ಬಂದು ತಂದೆಯ ಸಂಸ್ಥೆಯನ್ನೇ ಸೇರಿದನು. ತಂದೆ ಬಿಟ್ಟುಹೋದ ಕಾಗದಪತ್ರಗಳನ್ನು ಪರಿಷ್ಕರಿಸಿ 1882–83ರಲ್ಲಿ ಎರಡನ್ನೂ ಅಚ್ಚು ಹಾಕಿಸಿದನು. ಹಿರಿಯರ ಆಸ್ತಿಯನ್ನು ಮಕ್ಕಳು ಪಡೆಯುವುದು ಲೋಕದಲ್ಲಿ ಸಾಮಾನ್ಯ. ಆದರೆ ಓಲ್ಡ್‌ಹ್ಯಾಮರಿಗೆ ದೊರೆತ ಪಿತ್ರಾರ್ಜಿತವೆಂದರೆ ಪೂರ್ಣವಾಗದ ಒಂದು ವಿಚಾರಣೆ.

ಅಸ್ಸಾಮಿನ ಭೂಕಂಪವಾದಾಗ ಅವರಿಗೆ ಸುಮಾರು ಮೂವತ್ತೊಂಬತ್ತು ವರ್ಷ. ಸಹೋದ್ಯೋಗಿಗಳನ್ನು ಬೇರೆಬೇರೆ ಕಡೆಗೆ ಕಳುಹಿಸಿ, ತಾವೂ ಹಾಳುಬಿದ್ದ ನಾಡಿನಲ್ಲಿ ಸಂಚರಿಸಿದರು. ಬಿದ್ದ ಗೋಡೆ, ಉರುಳಿದ ಗೋರಿಕಲ್ಲು, ಸೀಳಿದ ನೆಲ, ಇವೆಲ್ಲವೂ ಅವರ ಪಾಲಿಗೆ ಸಾಕ್ಷಿಗಳೇ ಆದುವು. ಛಾತಕದಲ್ಲಿ ಎತ್ತರವಾದ ಸ್ಮಾರಕಸ್ತಂಭವೊಂದರ ಮೇಲಿನ ಭಾಗ ಮುರಿದು ಬಿದ್ದು, ಉಳಿದ ಭಾಗ ನಿಂತಲ್ಲಿಯೇ ತಿರುಚಿಕೊಂಡಿತ್ತು. ಕೆಲವು ಬಂಡೆಗಳಂತೂ ತಾವು ಹುದುಗಿದ್ದ ಗುಳಿಗಳ ಅಂಚು ಸ್ವಲ್ಪವೂ ಕೆಡದಂತೆ ಹೊರಗೆ ಬಂದು ಬಿದ್ದಿದ್ದುವು. ಬಂಡೆ ಉರುಳಿದ್ದರೆ ಗುಳಿಯ ಅಂಚು ಒಡೆಯಬೇಕಾಗಿತ್ತು. ಒಡೆದಿಲ್ಲವಾದ್ದರಿಂದ ಅದು ನೇರವಾಗಿ ಮೇಲಕ್ಕೆ ಚಿಮ್ಮಿರಬೇಕು. ಅಂದರೆ, ನೆಲವು ಭೂಮಿಯ ಗುರುತ್ವಾಕರ್ಷಣೆಯನ್ನೂ ಮೀರಿದ ವೇಗೋತ್ಕರ್ಷದಿಂದ ಬಂಡೆಯನ್ನು ಎಸೆದಿತ್ತು. ಯಾವ ಉಪಕರಣವೂ ಅಲ್ಲಿರಲಿಲ್ಲ; ಒಂದು ಗುಳಿಯ ಅಂಚು ಇಷ್ಟನ್ನು ತಿಳಿಸಿತು.

ಛೇಡ್ರಂಗ್ ಎಂಬ ಸಣ್ಣ ನದಿಯ ಕಣಿವೆಯಲ್ಲಿ ಅವರು ಕಂಡುದು ಇನ್ನೂ ವಿಸ್ಮಯಕರವಾಗಿತ್ತು. ಸುಮಾರು 20 ಕಿಲೋಮೀಟರು ಉದ್ದಕ್ಕೂ ನೆಲ ಸೀಳಿ, ಒಂದು ಪಕ್ಕ ಇನ್ನೊಂದಕ್ಕಿಂತ ಮೇಲೇರಿತ್ತು. ಕೆಲವೆಡೆ ಈ ಏರಿಕೆ 35 ಅಡಿಗಳಷ್ಟಿತ್ತು. ಹರಿಯುತ್ತಿದ್ದ ನೀರಿಗೆ ಅಡ್ಡಬಂದ ಹೊಸ ದಿಣ್ಣೆಯಿಂದಾಗಿ ಕೆಲವು ಕಡೆ ಮಡುಗಳೂ ಕೆಲವು ಕಡೆ ಜಲಪಾತಗಳೂ ನಿರ್ಮಾಣವಾಗಿದ್ದುವು. ಬೆಟ್ಟಗಳು ಅನಾದಿಕಾಲದಿಂದ ಹೀಗೆಯೇ ನಿಂತಿವೆಯೆಂದು ನಂಬುವವರಿಗೆ ಆ ಕಣಿವೆಯೇ ಉತ್ತರವಾಗಿತ್ತು.

ಆದರೆ ಓಲ್ಡ್‌ಹ್ಯಾಮರ ಕೀರ್ತಿಗೆ ಕಾರಣವಾದ ಸಂಶೋಧನೆಯ ಸಾಮಗ್ರಿ ದೊರೆತುದು ಸಾವಿರಾರು ಮೈಲಿ ದೂರದ ಯುರೋಪಿನಲ್ಲಿ. ಭಾರತದಲ್ಲಿ ಆಗ ಭೂಕಂಪ ವೀಕ್ಷಣಾಲಯವಿರಲಿಲ್ಲ. ಮೊದಲನೆಯದು ಕಲ್ಕತ್ತೆಯ ಅಲಿಪುರದಲ್ಲಿ ಆರಂಭವಾದುದು 1898ರ ಡಿಸೆಂಬರಿನಲ್ಲಿ. ಇಟಲಿ ಮೊದಲಾದ ದೇಶಗಳ ಲೋಲಕಯಂತ್ರಗಳು ಮಾತ್ರ ಅಸ್ಸಾಮಿನ ಕಂಪನವನ್ನು ಗೆರೆಗಳ ರೂಪದಲ್ಲಿ ಬರೆದಿಟ್ಟುಕೊಂಡಿದ್ದುವು. ಆ ಗೆರೆಗಳನ್ನು ಪರಿಶೀಲಿಸಿದ ಓಲ್ಡ್‌ಹ್ಯಾಮರಿಗೆ, ಒಂದೇ ಭೂಕಂಪದಿಂದ ಮೂರು ಬಗೆಯ ತರಂಗಗಳು ಹೊರಡುತ್ತವೆಯೆಂಬುದು ಸ್ಪಷ್ಟವಾಯಿತು. ಮೊದಲು ಬರುವುದು ಪ್ರಾಥಮಿಕ ತರಂಗ. ಇದು ಶಬ್ದದಂತೆ ಶಿಲೆಯನ್ನು ಒತ್ತುತ್ತ, ಸಡಿಲಿಸುತ್ತ ಸಾಗುತ್ತದೆ. ಅನಂತರ ಬರುವುದು ದ್ವಿತೀಯಕ ತರಂಗ. ಹಗ್ಗದ ಒಂದು ತುದಿಯನ್ನು ಹಿಡಿದು ಕೊಡವಿದರೆ ಅಲೆ ಹರಿಯುವಂತೆ ಇದರ ಚಲನೆ. ಕೊನೆಯದು ಭೂಮಿಯ ಮೇಲ್ಮೈಯನ್ನು ಅನುಸರಿಸಿ ಬರುವ ತರಂಗ.

ಕುದುರೆಯೊಂದೂ ಎತ್ತಿನ ಗಾಡಿಯೊಂದೂ ಒಂದೇ ಊರಿನಿಂದ ಒಂದೇ ಹೊತ್ತಿಗೆ ಹೊರಟಿವೆಯೆಂದು ಭಾವಿಸೋಣ. ಹತ್ತಿರದ ಊರಿಗೆ ಅವು ತುಸು ಹಿಂದುಮುಂದಾಗಿ ಬರುತ್ತವೆ. ದೂರದ ಊರಿನಲ್ಲಿ ಕುದುರೆ ಬಂದು ಎಷ್ಟೋ ಹೊತ್ತಾದ ಮೇಲೆ ಗಾಡಿ ಬರುತ್ತದೆ. ಹಾಗೆಯೇ ಎರಡು ತರಂಗಗಳ ನಡುವಿನ ಅಂತರದಿಂದ ಭೂಕಂಪ ಎಷ್ಟು ದೂರದಲ್ಲಿ ಆಯಿತೆಂಬುದನ್ನು ಲೆಕ್ಕಹಾಕಬಹುದು.

ಆರೋಗ್ಯ ಕೆಟ್ಟುದರಿಂದ ಓಲ್ಡ್‌ಹ್ಯಾಮರು 1903ರಲ್ಲಿ ಸೇವೆಯಿಂದ ನಿವೃತ್ತರಾಗಿ ಇಂಗ್ಲೆಂಡಿಗೆ ಹಿಂದಿರುಗಿದರು. ಕೆಲಸ ಮಾತ್ರ ನಿಲ್ಲಲಿಲ್ಲ. ಅನೇಕ ಭೂಕಂಪಗಳ ದಾಖಲೆಗಳನ್ನು ಹೋಲಿಸಿ ನೋಡುವಾಗ, ಭೂಮಿಯ ಆಚೆಯ ಬದಿಯನ್ನು ತಲುಪಿದ ದ್ವಿತೀಯಕ ತರಂಗಗಳು ನಿರೀಕ್ಷೆಗಿಂತ ಬಹಳ ತಡವಾಗಿ ಬಂದಂತೆ ತೋರಿತು. ನಡುದಾರಿಯಲ್ಲಿ ಅವುಗಳ ವೇಗವನ್ನು ಕುಂದಿಸುವ ಬೇರೊಂದು ವಸ್ತು ಇರಲೇಬೇಕೆಂದು ಅವರು ತರ್ಕಿಸಿದರು. 1906ರಲ್ಲಿ ಪ್ರಕಟವಾದ ಅವರ ಪ್ರಬಂಧ, ಭೂಮಿಯ ಒಳಗೆ ಹೊರಭಾಗಕ್ಕಿಂತ ಭಿನ್ನವಾದ ಗರ್ಭವೊಂದಿದೆಯೆಂಬುದನ್ನು ಭೂಕಂಪದ ಆಧಾರದಿಂದ ಮೊತ್ತಮೊದಲಿಗೆ ತೋರಿಸಿತು. ಅವರು ಎಲ್ಲದರಲ್ಲಿಯೂ ಸರಿಯಾಗಿದ್ದರೆಂದು ಹೇಳಲಾಗದು. ಅವರು ತಡವಾಗಿ ಬಂತೆಂದು ತಿಳಿದ ತರಂಗ ವಾಸ್ತವವಾಗಿ ಬೇರೊಂದು ದಾರಿಯಿಂದ ಬಂದುದಾಗಿತ್ತು. ಗರ್ಭದ ಗಾತ್ರವನ್ನೂ ಅವರು ಕಡಿಮೆಯಾಗಿ ಅಂದಾಜು ಮಾಡಿದ್ದರು. ಅದರ ಅಂಚು ಸುಮಾರು 2,900 ಕಿಲೋಮೀಟರು ಆಳದಲ್ಲಿದೆಯೆಂದು ಕೆಲವು ವರ್ಷಗಳ ಅನಂತರ ಜರ್ಮನಿಯ ಗುಟೆನ್‌ಬರ್ಗ್ ಗೊತ್ತುಪಡಿಸಿದನು. ಅದು ದ್ರವರೂಪದ್ದೆಂದು 1926ರಲ್ಲಿ ಜೆಫ್ರೀಸ್ ವಾದಿಸಿದನು. ಆ ದ್ರವದ ನಡುವೆಯೂ ಒಳಗರ್ಭವೊಂದುಂಟೆಂದು ಡೆನ್ಮಾರ್ಕಿನ ಇಂಗೆ ಲೇಮನ್ ಎಂಬ ಮಹಿಳೆ ತೋರಿಸಿದುದು 1936ರಲ್ಲಿ. ಓಲ್ಡ್‌ಹ್ಯಾಮರು ತೀರಿಕೊಂಡುದೂ ಅದೇ ವರ್ಷ.

ಭಾರತದ ಪರ್ವತಗಳನ್ನು ಅವರು ಮರೆತಿರಲಿಲ್ಲ. ಹಿಮಾಲಯದ ಬಳಿ ತೂಗುಗುಂಡು ನೇರವಾಗಿ ನಿಲ್ಲದೆ ತುಸು ಓರೆಯಾಗುತ್ತದೆ. ಆದರೆ ಆ ಮಹಾಪರ್ವತದ ರಾಶಿಗೆ ತಕ್ಕಷ್ಟು ಓರೆಯಾಗುವುದಿಲ್ಲ. ಮೋಜಣಿ ಇಲಾಖೆಯವರ ಇಂಥ ಅಳತೆಗಳನ್ನು ಆಧರಿಸಿ, ಹಿಮಾಲಯದ ಮತ್ತು ಗಂಗಾ ಬಯಲಿನ ರಚನೆಯನ್ನು ಕುರಿತು ಅವರು 1917ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಗಂಗೆಯ ಮೆಕ್ಕಲುಮಣ್ಣು ತುಂಬಿರುವ ಕಂದಕ ಹಿಮಾಲಯದ ಬುಡದ ಕಡೆಗೆ ಆಳವಾಗುತ್ತ, ದಕ್ಷಿಣಕ್ಕೆ ಬರುತ್ತ ತೆಳುವಾಗುತ್ತದೆಯೆಂದು ಅವರು ಕಂಡುಕೊಂಡರು.

ಅಸ್ಸಾಮಿನ ಭೂಕಂಪವಾದ ಮೇಲೆ ಷಿಲ್ಲಾಂಗಿನ ಬೆಟ್ಟಗಳನ್ನು ಮತ್ತೆ ಅಳೆಯಲಾಗಿತ್ತು. ಬೆಟ್ಟಗಳು ಕದಲಿರುವುದು ಆ ಅಳತೆಗಳಿಂದ ಕಂಡರೂ, ಹೇಗೆ ಕದಲಿದುವೆಂಬುದು ಆಗ ಇತ್ಯರ್ಥವಾಗಲಿಲ್ಲ. ಒಂದು ಶತಮಾನ ಕಳೆದ ಬಳಿಕ, 2001ರಲ್ಲಿ, ಬಿಲ್‌ಹ್ಯಾಮ್ ಮತ್ತು ಇಂಗ್ಲೆಂಡ್ ಎಂಬ ಇಬ್ಬರು ವಿಜ್ಞಾನಿಗಳು ಆ ಹಳೆಯ ಅಂಕಿಗಳನ್ನೇ ಮತ್ತೆ ಲೆಕ್ಕಹಾಕಿದರು. ನಮ್ಮ ದಖ್ಖನದಂತೆಯೇ ಪ್ರಾಚೀನ ಶಿಲೆಗಳಿಂದಾದ ಷಿಲ್ಲಾಂಗ್ ಪ್ರಸ್ಥಭೂಮಿಯ ಉತ್ತರದ ಅಂಚು, ಆ ಒಂದು ಸಂಜೆ ಕನಿಷ್ಠ 11 ಮೀಟರುಗಳಷ್ಟು ಮೇಲಕ್ಕೆ ಎದ್ದಿತೆಂದು ಅವರು ತೀರ್ಮಾನಿಸಿದರು. ಇದಕ್ಕೆ ಕಾರಣವಾದುದು ನೆಲದಾಳದಲ್ಲಿ ಹುದುಗಿರುವ, ಸುಮಾರು 110 ಕಿಲೋಮೀಟರು ಉದ್ದದ ಸ್ತರಭಂಗವೆಂದು ಅವರ ಅಭಿಪ್ರಾಯ. ಎಲ್ಲ ವಿಜ್ಞಾನಿಗಳೂ ಇದನ್ನು ಒಪ್ಪಿಲ್ಲ. ಚರ್ಚೆ ನಡೆದೇ ಇದೆ. ಮೇಲ್ಮೈಯಲ್ಲಿ ಕಾಣಿಸದ ಆ ಸ್ತರಭಂಗಕ್ಕೆ ಅವರು ಕೊಟ್ಟ ಹೆಸರು ಓಲ್ಡ್‌ಹ್ಯಾಮ್ ಸ್ತರಭಂಗ.