ಹಬ್ಬದ ಉಡುಗೊರೆ ಸಾಲದ ಹೊರೆಯಾಗದಿರಲಿ



ಚೌತಿ ಮುಗಿಯಿತು ಅನ್ನುವಷ್ಟರಲ್ಲಿ ದಸರಾ, ದೀಪಾವಳಿ, ಅದರ ಬೆನ್ನಿಗೇ ಕ್ರಿಸ್‌ಮಸ್. ಮಕ್ಕಳಿಗೆ ಹೊಸ ಬಟ್ಟೆ, ತವರಿಗೆ ಏನಾದರೂ, ನೆರೆಮನೆಗೆ ಸಿಹಿ. ಕೊಡುವುದು ಒಳ್ಳೆಯದೇ. ಆದರೆ ಹಬ್ಬ ಒಂದು ದಿನದಲ್ಲಿ ಮುಗಿಯುತ್ತದೆ, ಹಬ್ಬಕ್ಕೆ ಮಾಡಿದ ಸಾಲ ಮುಗಿಯುವುದಿಲ್ಲ. ಈ ತಿಂಗಳ ಪಾಠದಲ್ಲಿ ಇದನ್ನೇ ನೋಡೋಣ.

ನಮ್ಮ ಒಂದು ಸಂಘದ ಸದಸ್ಯೆಯ ಅನುಭವ ಇದು. ಬೀಡಿ ಕಟ್ಟಿ ಮಗನನ್ನು ಓದಿಸಿದವರು. ಮಗನಿಗೆ ಪಟ್ಟಣದಲ್ಲಿ ಕೆಲಸ ಸಿಕ್ಕಿತು, ಸಂಬಳದ ಜೊತೆಗೆ ಕ್ರೆಡಿಟ್ ಕಾರ್ಡೂ ಬಂತು. ಮೊದಲ ಕ್ರಿಸ್‌ಮಸ್‌ಗೆ ಅಮ್ಮನಿಗೆ ಫ್ರಿಜ್, ತಂಗಿಗೆ ಮೊಬೈಲ್, ಎಲ್ಲರಿಗೂ ಬಟ್ಟೆ ತಂದ. ಒಟ್ಟು 45 ಸಾವಿರ ರೂಪಾಯಿ. ಮನೆಯಲ್ಲಿ ಸಂಭ್ರಮ. ಬಿಲ್ ಬಂದಾಗ ಪೂರ್ತಿ ಕಟ್ಟಲು ಆಗಲಿಲ್ಲ. ಪ್ರತಿ ತಿಂಗಳೂ 'ಕನಿಷ್ಠ ಮೊತ್ತ' ಮಾತ್ರ ಕಟ್ಟಿದ. ನಾಚಿಕೆಯಿಂದ ಮನೆಯಲ್ಲಿ ಹೇಳಲಿಲ್ಲ. ಈಸ್ಟರ್ ಹೊತ್ತಿಗೆ ಮನೆಗೆ ಫೋನ್ ಬರಲು ಶುರುವಾದಾಗಲೇ ಅಮ್ಮನಿಗೆ ವಿಷಯ ಗೊತ್ತಾದದ್ದು. ಅವರು ತಮ್ಮ ಸರವನ್ನು ಸಹಕಾರಿ ಬ್ಯಾಂಕಿನಲ್ಲಿ ಅಡವಿಟ್ಟು ಕಾರ್ಡಿನ ಸಾಲ ತೀರಿಸಿದರು.

"ಸಿಸ್ಟರ್, ಇಷ್ಟು ವರ್ಷ ಫ್ರಿಜ್ ಇಲ್ದೆ ನಾವು ಬದುಕ್ಲಿಲ್ವಾ? ಮೊದ್ಲೇ ಹೇಳಿದ್ರೆ ನಾನೇ ಬೇಡ ಅಂತಿದ್ದೆ" ಎಂದು ಅವರು ಸಭೆಯಲ್ಲಿ ಅತ್ತಾಗ ನಮಗೂ ಮಾತು ಹೊರಡಲಿಲ್ಲ. ಮಗ ಪ್ರೀತಿಯಿಂದಲೇ ತಂದದ್ದು. ಕಾರ್ಡಿನ ಲೆಕ್ಕ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ.

ಕಾರ್ಡಿನ ಲೆಕ್ಕ ಹೇಗೆ?

ಕ್ರೆಡಿಟ್ ಕಾರ್ಡ್ ಎಂದರೆ ನಮ್ಮ ಹಣವಲ್ಲ, ಸಾಲ. ಬಿಲ್ಲಿನ ಪೂರ್ತಿ ಹಣವನ್ನು ಗಡುವಿನೊಳಗೆ ಕಟ್ಟಿದರೆ ಬಡ್ಡಿ ಇಲ್ಲ. ಸ್ವಲ್ಪ ಬಾಕಿ ಉಳಿಸಿದರೂ ಬಡ್ಡಿ ಶುರು. ಬಾಕಿ ಇರುವಾಗ ಹೊಸದಾಗಿ ಏನು ಕೊಂಡರೂ ಅದಕ್ಕೂ ಬಡ್ಡಿ. ಕಾರ್ಡಿನಿಂದ ನಗದು ತೆಗೆದರೆ ಅದೇ ದಿನದಿಂದ ಬಡ್ಡಿ, ಮೇಲೆ ಶುಲ್ಕ ಬೇರೆ.

ಬಹಳ ಕಾರ್ಡುಗಳಲ್ಲಿ ಬಡ್ಡಿ ತಿಂಗಳಿಗೆ ಶೇ. 3ರಿಂದ 4ರವರೆಗೆ ಇರುತ್ತದೆ. 10,000 ರೂ. ಬಾಕಿ, ಶೇ. 3.5 ಬಡ್ಡಿ ಎಂದು ಇಟ್ಟುಕೊಳ್ಳಿ. ತಿಂಗಳ ಬಡ್ಡಿ 350 ರೂ. ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ 63 ರೂ. ಒಟ್ಟು 413 ರೂ. ನೀವು 500 ರೂ. ಕಟ್ಟಿದರೆ ಅಸಲಿಗೆ ಹೋಗುವುದು 87 ರೂ. ಮಾತ್ರ! ಹೀಗೆ ತಿಂಗಳಿಗೆ 500ರಂತೆ ಕಟ್ಟುತ್ತಾ ಹೋದರೆ ಸಾಲ ತೀರಲು ಮೂರೂವರೆ ವರ್ಷ ದಾಟುತ್ತದೆ. ಕಟ್ಟಿದ ಹಣ 21 ಸಾವಿರ ಮೀರುತ್ತದೆ.

ಇದನ್ನು ನಮ್ಮ ಸಂಘದ ಸಾಲದ ಜೊತೆ ಹೋಲಿಸಿ ನೋಡಿ. ತಿಂಗಳಿಗೆ ಶೇ. 2 ಬಡ್ಡಿಯಂತೆ 10,000 ರೂ. ತೆಗೆದು, ತಿಂಗಳಿಗೆ 1,000 ರೂ. ಅಸಲು ಮತ್ತು ಉಳಿದ ಅಸಲಿನ ಬಡ್ಡಿ ಕಟ್ಟಿದರೆ ಹತ್ತು ತಿಂಗಳಲ್ಲಿ ಸಾಲ ತೀರುತ್ತದೆ. ಒಟ್ಟು ಬಡ್ಡಿ 1,100 ರೂ. ಅದೂ ನಮ್ಮ ಸಂಘದಲ್ಲೇ ಉಳಿಯುತ್ತದೆ.

ಸೊನ್ನೆ ಬಡ್ಡಿ ನಿಜವೇ?

ಅಂಗಡಿಯಲ್ಲಿ, ಮೊಬೈಲಿನಲ್ಲಿ 'ಸೊನ್ನೆ ಬಡ್ಡಿ ಕಂತು' ಎಂದು ದೊಡ್ಡದಾಗಿ ಬರೆದಿರುತ್ತಾರೆ. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ತಿಳಿಸಿತ್ತು. ನಗದು ಕೊಟ್ಟರೆ ಸಿಗುವ ರಿಯಾಯಿತಿ ಕಂತಿನಲ್ಲಿ ಸಿಗದೆ ಹೋಗಬಹುದು, ಪ್ರೊಸೆಸಿಂಗ್ ಶುಲ್ಕ ಸೇರಿಕೊಳ್ಳಬಹುದು. ಆದ್ದರಿಂದ ಎರಡೇ ಪ್ರಶ್ನೆ ಕೇಳಿ: "ನಗದಿಗೆ ಎಷ್ಟು? ಎಲ್ಲಾ ಕಂತು, ಶುಲ್ಕ ಸೇರಿ ಎಷ್ಟು?" ಎರಡರ ನಡುವಿನ ವ್ಯತ್ಯಾಸವೇ ಬಡ್ಡಿ.

ಹಬ್ಬಕ್ಕೆ ಮೊದಲು ಏನು ಮಾಡಬೇಕು?

1. ಯಾರಿಗೆ, ಏನು, ಎಷ್ಟು ರೂಪಾಯಿಯದು ಎಂದು ಪಟ್ಟಿ ಬರೆಯಿರಿ. ಕೈಯಲ್ಲಿರುವ ಹಣಕ್ಕಿಂತ ಪಟ್ಟಿ ಉದ್ದವಾದರೆ ಪಟ್ಟಿಯನ್ನೇ ಕಡಿಮೆ ಮಾಡಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

2. ಸಂಘದಲ್ಲಿ ಪ್ರತ್ಯೇಕ 'ಹಬ್ಬದ ನಿಧಿ' ಇಡಿ. ವಾರಕ್ಕೆ 50 ರೂ. ಹಾಕಿದರೆ 40 ವಾರಕ್ಕೆ 2,000 ರೂ. ಆಗುತ್ತದೆ. ಅದನ್ನು ಬೇರೆ ಪುಸ್ತಕದಲ್ಲೇ ಬರೆಯಿರಿ.

3. ಕೈಯಿಂದ ಮಾಡಿದ್ದನ್ನು ಕೊಡಿ. ನಮ್ಮ ಕರಾವಳಿಯಲ್ಲಿ ಕ್ರಿಸ್‌ಮಸ್‌ಗೆ ಮನೆಮನೆಗೆ ಕುಸ್ವಾರ್ ಹಂಚುವುದು ಹಿಂದಿನಿಂದ ಬಂದದ್ದು. ನಾಲ್ಕು ಮನೆಯವರು ಸೇರಿ ಮಾಡಿದರೆ ಖರ್ಚೂ ಕಡಿಮೆ, ಕೆಲಸವೂ ಹಗುರ.

4. ಮಕ್ಕಳ ಜೊತೆ ಕುಳಿತು ಮನೆಯ ಲೆಕ್ಕ ಹೇಳಿ. "ಈ ವರ್ಷ ಇಷ್ಟೇ" ಎನ್ನುವುದು ಅವಮಾನವಲ್ಲ. ದುಡಿಯುವ ಮಕ್ಕಳಿಗೂ ಹೇಳಿ: "ಸಾಲ ಮಾಡಿ ನಂಗೆ ಏನೂ ತರ್ಬೇಡ."

ಈಗಾಗಲೇ ಸಾಲ ಆಗಿದ್ದರೆ?

ಮುಚ್ಚಿಡಬೇಡಿ. ಮೊದಲು ಕಾರ್ಡಿನ ಬಳಕೆ ನಿಲ್ಲಿಸಿ. ಬಾಕಿಯನ್ನು ಕಡಿಮೆ ಬಡ್ಡಿಯ ಕಂತಿಗೆ ಬದಲಾಯಿಸಲು ಆಗುತ್ತದೆಯೇ ಎಂದು ಬ್ಯಾಂಕಿನಲ್ಲಿ ಕೇಳಿ. ಒಂದು ಕಾರ್ಡಿನ ಸಾಲ ತೀರಿಸಲು ಇನ್ನೊಂದು ಕಾರ್ಡ್ ಅಥವಾ ಮೊಬೈಲ್ ಆ್ಯಪ್ ಸಾಲ ತೆಗೆಯಬೇಡಿ. ಅಗತ್ಯವಾದರೆ ಸಂಘದ ಸಾಲದಿಂದ ತೀರಿಸಿ, ಆದರೆ ಕಂತು ತಪ್ಪಿಸಬೇಡಿ. ಕಾರ್ಡಿನ ಬಾಕಿ ಸಿಬಿಲ್ ದಾಖಲೆಯಲ್ಲಿ ಕಾಣಿಸುತ್ತದೆ; ಮುಂದೆ ಮನೆ ಸಾಲಕ್ಕೆ ಹೋದಾಗ ಅಡ್ಡಿಯಾಗಬಹುದು. ವಸೂಲಿಗೆ ಬರುವವರು ಬೈಯುವಂತಿಲ್ಲ, ಬೆದರಿಸುವಂತಿಲ್ಲ. ಹಾಗೆ ಮಾಡಿದರೆ ಮೊದಲು ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಮಾಹಿತಿಗೆ 14448ಕ್ಕೆ ಫೋನ್ ಮಾಡಿ.

ಆ ಅಮ್ಮನ ಸರ ಹನ್ನೊಂದು ತಿಂಗಳ ನಂತರ ಮನೆಗೆ ಬಂತು. ಬಿಡಿಸಿಕೊಂಡು ಬಂದವನು ಮಗನೇ. ಆ ವರ್ಷದ ಕ್ರಿಸ್‌ಮಸ್‌ಗೆ ಬೇರೆ ಉಡುಗೊರೆ ಇರಲಿಲ್ಲ. "ಇದಕ್ಕಿಂತ ದೊಡ್ಡದು ಯಾವ್ದು ಬೇಕು ಸಿಸ್ಟರ್?" ಎಂದರು ಅವರು.

ಸಭೆಯಲ್ಲಿ ಚರ್ಚಿಸೋಣ

1. ಕಳೆದ ಹಬ್ಬಕ್ಕೆ ನಮ್ಮ ಮನೆಯಲ್ಲಿ ಎಷ್ಟು ಖರ್ಚಾಯಿತು? ಅದರಲ್ಲಿ ಸಾಲ ಎಷ್ಟು?

2. ನಮ್ಮ ಮನೆಯಲ್ಲಿ ಯಾರ ಬಳಿ ಕ್ರೆಡಿಟ್ ಕಾರ್ಡ್ ಇದೆ? ಬಾಕಿ ಎಷ್ಟೆಂದು ನಮಗೆ ಗೊತ್ತೇ?

3. ಹಬ್ಬದ ನಿಧಿಯನ್ನು ಯಾವ ವಾರದಿಂದ ಶುರು ಮಾಡೋಣ? ಇಂದೇ ನಿರ್ಣಯ ಪುಸ್ತಕದಲ್ಲಿ ಬರೆಯೋಣ.