ಒಬಿಎಸ್ ಪದೇ ಪದೇ ಕ್ರ್ಯಾಶ್ ಆಗುತ್ತಿದೆಯೇ? ಅಳಿಸುವ ಮೊದಲು ವರದಿ ಓದಿ

ಪಾಠ ರೆಕಾರ್ಡ್ ಮಾಡುವ ಮೇಷ್ಟ್ರಿಂದ ಹಿಡಿದು ರಾತ್ರಿಯಿಡೀ ನಡೆಯುವ ಯಕ್ಷಗಾನವನ್ನು ಯೂಟ್ಯೂಬ್‌ಗೆ ಲೈವ್ ಕೊಡುವ ಹುಡುಗರವರೆಗೆ ಬಹಳ ಮಂದಿ ನೆಚ್ಚಿಕೊಂಡಿರುವುದು ಒಬಿಎಸ್ ಸ್ಟುಡಿಯೊವನ್ನು. 2012ರಲ್ಲಿ ಶುರುವಾದ ಈ ಮುಕ್ತ ತಂತ್ರಾಂಶಕ್ಕೆ ಕಾಸು ಕೊಡಬೇಕಿಲ್ಲ. ಕಾರ್ಯಕ್ರಮದ ನಡುವೆ ಅದು ತಟ್ಟನೆ ಮುಚ್ಚಿಕೊಂಡರೆ ಹೆಚ್ಚಿನವರು ಮೊದಲು ಮಾಡುವ ಕೆಲಸ, ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿಕೊಳ್ಳುವುದು. ದಯವಿಟ್ಟು ಅದನ್ನು ಕೊನೆಗಿಟ್ಟುಕೊಳ್ಳಿ. ನಿಮ್ಮ ಸೀನ್‌ಗಳು, ಸೆಟ್ಟಿಂಗ್ಸ್ ಎಲ್ಲ ಬೇರೆಯೇ ಫೋಲ್ಡರಿನಲ್ಲಿರುತ್ತವೆ. ನೀವಾಗಿ ಗುರುತು ಹಾಕದ ಹೊರತು ಅನ್‌ಇನ್‌ಸ್ಟಾಲ್ ಅವನ್ನು ಮುಟ್ಟುವುದಿಲ್ಲ. ದೋಷ ಅಲ್ಲಿದ್ದರೆ ಹೊಸದಾಗಿ ಹಾಕಿದ ಒಬಿಎಸ್ ಕೂಡ ಅದೇ ಫೋಲ್ಡರನ್ನು ಓದಿ ಅದೇ ಜಾಗದಲ್ಲಿ ಬೀಳುತ್ತದೆ.

ಈ ಲೇಖನ ವಿಂಡೋಸ್ ಬಳಸುವವರಿಗಾಗಿ. ಮೆನುಗಳ ಹೆಸರನ್ನು ತೆರೆಯ ಮೇಲೆ ಕಾಣುವಂತೆಯೇ ಕೊಟ್ಟಿದ್ದೇನೆ.

ಮೊದಲು ರೆಕಾರ್ಡಿಂಗ್ ಉಳಿಸಿಕೊಳ್ಳಿ

ಕಾರಣ ಹುಡುಕುವುದಕ್ಕೆ ಮುಂಚೆ ಒಂದು ಸೆಟ್ಟಿಂಗ್ ಬದಲಿಸಿ. ಸೆಟ್ಟಿಂಗ್ಸ್‌ನ ಔಟ್‌ಪುಟ್ ಪುಟದಲ್ಲಿ ರೆಕಾರ್ಡಿಂಗ್ ಫಾರ್ಮ್ಯಾಟ್ ಎಂಪಿ4 ಎಂದಿದ್ದರೆ ಎಂಕೆವಿ ಮಾಡಿ. ಸಾಮಾನ್ಯ ಎಂಪಿ4 ಫೈಲಿನಲ್ಲಿ ಯಾವ ದೃಶ್ಯ ಎಲ್ಲಿದೆ ಎಂಬ ಸೂಚಿ ಬರೆಯಲ್ಪಡುವುದು ರೆಕಾರ್ಡಿಂಗ್ ನಿಲ್ಲಿಸಿದ ಮೇಲೆ. ನಡುವೆ ತಂತ್ರಾಂಶ ಬಿದ್ದರೆ ಸೂಚಿ ಇಲ್ಲದ ಫೈಲ್ ಉಳಿಯುತ್ತದೆ, ಅದನ್ನು ಪ್ಲೇಯರ್ ತೆರೆಯುವುದೇ ಇಲ್ಲ. ಎಂಕೆವಿಯಾದರೆ ಬಿದ್ದ ಕ್ಷಣದವರೆಗಿನದು ಕೈಗೆ ಸಿಗುತ್ತದೆ. ಎಡಿಟಿಂಗ್‌ಗೆ ಎಂಪಿ4 ಬೇಕೆಂದರೆ ಫೈಲ್ ಮೆನುವಿನ ರೀಮಕ್ಸ್ ರೆಕಾರ್ಡಿಂಗ್ಸ್ ಒತ್ತಿ. ಗುಣಮಟ್ಟ ಕಳೆಯದೆ ಬದಲಾಗುತ್ತದೆ. ಲೈವ್ ಕೊಡುವವರು ಜೊತೆಗೇ ಡಿಸ್ಕಿಗೂ ರೆಕಾರ್ಡ್ ಮಾಡಿಟ್ಟುಕೊಳ್ಳಲಿ. ಹಿರಿಯ ಕಲಾವಿದರ ವೇಷವೊಂದು ಮರಳಿ ಸಿಗದ ಹಾಗೆ ಹೋಗಿಬಿಡುವ ನಷ್ಟವನ್ನು ಆಮೇಲಿನ ಯಾವ ರಿಪೇರಿಯೂ ತುಂಬಿಕೊಡುವುದಿಲ್ಲ.

ಬಿದ್ದದ್ದು ಯಾವುದು?

‘ಕ್ರ್ಯಾಶ್ ಆಯ್ತು’ ಎಂದು ನಾವು ಹೇಳುವುದರಲ್ಲಿ ಬೇರೆ ಬೇರೆ ಸಂಗತಿಗಳು ಸೇರಿಕೊಂಡಿರುತ್ತವೆ. ಕಂಪ್ಯೂಟರೇ ಆರಿಹೋದರೆ ಅಥವಾ ರೀಸ್ಟಾರ್ಟ್ ಆದರೆ ಮೊದಲು ಶಾಖ, ವಿದ್ಯುತ್ ಪೂರೈಕೆ ಮತ್ತು ಡ್ರೈವರ್ ನೋಡಿ. ಧೂಳು ತುಂಬಿದ ಫ್ಯಾನ್ ಸ್ವಚ್ಛ ಮಾಡಿಸಿ, ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಡಬೇಡಿ. ಲೈವ್ ಮಾತ್ರ ನಿಂತು ಒಬಿಎಸ್ ತೆರೆದೇ ಇದ್ದು ಮರುಸಂಪರ್ಕಕ್ಕೆ ಯತ್ನಿಸುತ್ತಿದ್ದರೆ ಇಂಟರ್ನೆಟ್ ತುಂಡಾಗಿದೆ. ಬಿಟ್‌ರೇಟ್ ಇಳಿಸಿ, ವೈಫೈ ಬಿಟ್ಟು ಕೇಬಲ್ ಹಾಕಿ. ಪೆನ್‌ಡ್ರೈವಿಗೆ ನೇರವಾಗಿ ರೆಕಾರ್ಡ್ ಮಾಡುವವರಿಗೆ ಇನ್ನೊಂದು ತೊಡಕಿದೆ. ಅದು ಎಫ್‌ಎಟಿ32 ಮಾದರಿಯಲ್ಲಿದ್ದರೆ ಒಂದು ಫೈಲು 4 ಜಿಬಿ ದಾಟಲಾರದು. ಸೆಕೆಂಡಿಗೆ 6000 ಕಿಲೋಬಿಟ್ ವೇಗದ ರೆಕಾರ್ಡಿಂಗ್ ಸುಮಾರು ಒಂದೂವರೆ ಗಂಟೆಯಲ್ಲಿ ಆ ಮಿತಿ ಮುಟ್ಟುತ್ತದೆ. ಪ್ರತಿ ಸಲ ಹೆಚ್ಚುಕಡಿಮೆ ಅಷ್ಟೇ ಹೊತ್ತಿಗೆ ನಿಲ್ಲುತ್ತಿದ್ದರೆ ಇದನ್ನೇ ಮೊದಲು ನೋಡಿ.

ಇವು ಯಾವುವೂ ಅಲ್ಲ, ಒಬಿಎಸ್ ಕಿಟಕಿಯೇ ಮಾಯವಾಗುತ್ತಿದೆ ಎಂದಾದರೆ ಮುಂದೆ ಓದಿ.

ವರದಿ ಏನು ಹೇಳುತ್ತದೆ

ಒಬಿಎಸ್ ಬೀಳುವಾಗ ಸಾಮಾನ್ಯವಾಗಿ ಒಂದು ವರದಿ ಬರೆದಿಟ್ಟೇ ಬೀಳುತ್ತದೆ. ಮತ್ತೆ ತೆರೆದು ಹೆಲ್ಪ್ ಮೆನುವಿನಲ್ಲಿ ಕ್ರ್ಯಾಶ್ ರಿಪೋರ್ಟ್ಸ್‌ಗೆ ಹೋಗಿ, ಹೊಸ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಪುಟಗಟ್ಟಲೆ ಅಂಕಿಗಳಿರುತ್ತವೆ. ಹೆದರಬೇಡಿ, ನಿಮಗೆ ಬೇಕಾದ್ದು ಮೇಲಿನ ಕೆಲವು ಸಾಲು ಮಾತ್ರ. ಫಾಲ್ಟ್ ಅಡ್ರೆಸ್ ಎಂಬ ಸಾಲಿನಲ್ಲಿ ಆವರಣದೊಳಗೆ ಒಂದು ಫೈಲಿನ ಹೆಸರಿರುತ್ತದೆ, ಕೊನೆಯಲ್ಲಿ ಡಿಎಲ್‌ಎಲ್ ಎಂದಿರುತ್ತದೆ. ತಂತ್ರಾಂಶ ಎಡವಿದ್ದು ಆ ಫೈಲಿನಲ್ಲಿ. ಜೊತೆಗೆ, ಕೆಳಗೆ ಕ್ರ್ಯಾಶ್ಡ್ ಎಂದು ಗುರುತಾದ ಪಟ್ಟಿಯಲ್ಲಿ ಮೇಲ್ಮೇಲಿನ ಹೆಸರುಗಳನ್ನೂ ನೋಡಿಕೊಳ್ಳಿ.

ಹೆಸರು ಎನ್‌ವಿ ಎಂದು ಶುರುವಾದರೆ ಅದು ಎನ್‌ವಿಡಿಯಾ ಗ್ರಾಫಿಕ್ಸ್ ಡ್ರೈವರ್ ಆಗಿರುವುದೇ ಹೆಚ್ಚು; ಐಜಿ ಎಂದಿದ್ದರೆ ಇಂಟೆಲ್‌ನದು; ಎಎಂಡಿ ಅಥವಾ ಎಟಿಐ ಎಂದಿದ್ದರೆ ಎಎಂಡಿಯದು. ಆಗ ಚಿಪ್ ಅಥವಾ ಲ್ಯಾಪ್‌ಟಾಪ್ ತಯಾರಕರ ಜಾಲತಾಣದಿಂದಲೇ ಹೊಸ ಡ್ರೈವರ್ ಹಾಕಿ. ‘ಎಲ್ಲ ಡ್ರೈವರ್ ಅಪ್‌ಡೇಟ್ ಮಾಡುತ್ತೇವೆ’ ಎನ್ನುವ ಬೇರೆ ತಂತ್ರಾಂಶಗಳನ್ನು ನಂಬಬೇಡಿ. ಡ್ರೈವರ್ ಬದಲಿಸಿದ ಮರುದಿನದಿಂದಲೇ ಕಾಟ ಶುರುವಾಗಿದ್ದರೆ ಹಳೆಯದಕ್ಕೆ ಮರಳುವುದು ಸರಿಯಾದ ದಾರಿ.

ಒಬಿಎಸ್ ಬ್ರೌಸರ್ ಅಥವಾ ಲಿಬ್‌ಸಿಇಎಫ್ ಎಂಬ ಹೆಸರು ಕಂಡರೆ ಬ್ರೌಸರ್ ಸೋರ್ಸ್ ಕಡೆ ನೋಡಿ. ಚಾಟ್, ದೇಣಿಗೆಯ ಸೂಚನೆ, ಓಡುವ ಅಕ್ಷರ ಇವನ್ನೆಲ್ಲ ತೋರಿಸಲು ಒಬಿಎಸ್ ಒಳಗೇ ಒಂದು ಬ್ರೌಸರ್ ನಡೆಯುತ್ತಿರುತ್ತದೆ. ಸೆಟ್ಟಿಂಗ್ಸ್‌ನ ಅಡ್ವಾನ್ಸ್ಡ್ ಪುಟದಲ್ಲಿ ಬ್ರೌಸರ್ ಸೋರ್ಸ್ ಹಾರ್ಡ್‌ವೇರ್ ಆಕ್ಸಲರೇಷನ್ ಗುರುತು ತೆಗೆದು ಒಬಿಎಸ್ ಮುಚ್ಚಿ ತೆರೆಯಿರಿ.

ನಹಿಮಿಕ್ ಎಂಬ ಹೆಸರು ಬಂದರೆ ಅದು ಕೆಲವು ಗೇಮಿಂಗ್ ಲ್ಯಾಪ್‌ಟಾಪ್‌ಗಳ ಜೊತೆಗೇ ಬರುವ ಧ್ವನಿ ತಂತ್ರಾಂಶ. ಇದೂ, ತೆರೆಯ ಮೂಲೆಯಲ್ಲಿ ಎಫ್‌ಪಿಎಸ್ ತೋರಿಸುವ ರಿವಾಟ್ಯೂನರ್‌ನಂಥವೂ ಬೇರೆ ತಂತ್ರಾಂಶಗಳ ಒಳಗೆ ತೂರಿಕೊಂಡು ಕೆಲಸ ಮಾಡುತ್ತವೆ. ಅವನ್ನು ನಿಲ್ಲಿಸಿ, ಒಬಿಎಸ್ ಮತ್ತೆ ಓಡಿಸಿ ನೋಡಿ.

ಎಷ್ಟೋ ಸಲ ಒಬಿಎಸ್ ತೆರೆದುಕೊಳ್ಳುವ ಮೊದಲೇ, ವಿಸಿ ರನ್‌ಟೈಮ್ 140 ಅಥವಾ ಎಂಎಸ್‌ವಿಸಿಪಿ 140 ಸಿಗುತ್ತಿಲ್ಲ ಎಂಬ ಸಂದೇಶ ಬರುತ್ತದೆ. ಆ ಫೈಲನ್ನು ಒಂಟಿಯಾಗಿ ಎಲ್ಲಿಂದಲೋ ಇಳಿಸಿಕೊಳ್ಳಬೇಡಿ, ವೈರಸ್ ತಗಲುವುದು ಇಂಥ ಕಡೆಯೇ. ಮೈಕ್ರೋಸಾಫ್ಟ್ ಜಾಲತಾಣದಿಂದ ವಿಷುಯಲ್ ಸಿ++ ರೀಡಿಸ್ಟ್ರಿಬ್ಯೂಟಬಲ್ ಹಾಕಿದರೆ ಸಾಕು.

ಪ್ಲಗಿನ್‌ಗಳ ಮೇಲೆ ಒಂದು ಕಣ್ಣು

ನನ್ನ ಅನುಮಾನ ಮೊದಲು ಹೋಗುವುದು ಪ್ಲಗಿನ್‌ಗಳ ಕಡೆಗೆ. 2022ರಲ್ಲಿ ಬಂದ 28ನೇ ಆವೃತ್ತಿಯಲ್ಲಿ ಒಬಿಎಸ್‌ನ ಕಿಟಕಿ, ಮೆನುಗಳನ್ನು ಕಟ್ಟುವ ಚೌಕಟ್ಟು ಕ್ಯೂಟಿ6ಕ್ಕೆ ಬದಲಾಯಿತು. ಅದಕ್ಕೆ ತಕ್ಕಂತೆ ಹೊಸದಾಗಿ ಬರೆಯದ ಹಳೆಯ ಪ್ಲಗಿನ್‌ಗಳು ಬಹಳಷ್ಟು ಕೆಲಸ ಮಾಡದಾದವು. ಹಳೆಯ ವಿಡಿಯೊ ನೋಡಿಕೊಂಡು ಅದರಲ್ಲಿ ಹೇಳಿದ ಪ್ಲಗಿನ್ ಹಾಕುವವರು ಇಂದಿಗೂ ಇದ್ದಾರೆ.

ಇದನ್ನು ಪರೀಕ್ಷಿಸುವುದು ಸುಲಭ. 30ನೇ ಆವೃತ್ತಿಯಿಂದೀಚೆಗೆ ಸೇಫ್ ಮೋಡ್ ಇದೆ. ಕ್ರ್ಯಾಶ್ ಆದ ಮೇಲೆ ತೆರೆದರೆ ಅದೇ ಕೇಳುತ್ತದೆ. ಇಲ್ಲವಾದರೆ ಹೆಲ್ಪ್ ಮೆನುವಿನಿಂದ ಆರಿಸಿ. ಹೊರಗಿನ ಪ್ಲಗಿನ್, ಸ್ಕ್ರಿಪ್ಟ್, ವೆಬ್‌ಸಾಕೆಟ್ ಮೂರನ್ನೂ ಬಿಟ್ಟು ಒಬಿಎಸ್ ಓಡುತ್ತದೆ. ಈಗ ಬೀಳದಿದ್ದರೆ ತಪ್ಪು ಆ ಮೂರರಲ್ಲೊಂದರದು. ಒಂದು ಪ್ಲಗಿನ್ ತೆಗೆಯಿರಿ, ಮಾಮೂಲಿಯಾಗಿ ಓಡಿಸಿ, ಬಿದ್ದರೆ ಇನ್ನೊಂದು ತೆಗೆಯಿರಿ. ಒಂದೇ ಏಟಿಗೆ ನಾಲ್ಕು ಬದಲಾವಣೆ ಮಾಡಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯದೆ, ಮುಂದಿನ ಸಲ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ.

ಸೇಫ್ ಮೋಡ್‌ನಲ್ಲೂ ಬಿದ್ದರೆ

ಸೀನ್ ಕಲೆಕ್ಷನ್ ಮೆನುವಿನಲ್ಲಿ ಹೊಸದೊಂದು ಖಾಲಿ ಕಲೆಕ್ಷನ್ ಮಾಡಿ ಓಡಿಸಿ. ಖಾಲಿಯಿದ್ದಾಗ ಗಟ್ಟಿಯಾಗಿ ನಿಂತರೆ ನಿಮ್ಮ ಸೋರ್ಸ್‌ಗಳಲ್ಲೊಂದು ತಪ್ಪಿತಸ್ಥ. ಹಳೆಯ ಕಲೆಕ್ಷನ್ನನ್ನು ಡೂಪ್ಲಿಕೇಟ್ ಮಾಡಿ, ಪ್ರತಿಯಲ್ಲಿ ಅರ್ಧ ಸೋರ್ಸ್‌ಗಳನ್ನು ಅಳಿಸಿ ನೋಡಿ, ಆಮೇಲೆ ಉಳಿದರ್ಧ. ಕಣ್ಣಿನ ಚಿಹ್ನೆ ಒತ್ತಿ ಮರೆಮಾಡಿದರೆ ಸಾಲದು. ಮರೆಯಾದ ಸೋರ್ಸ್‌ಗಳೂ ಹಿಂದೆ ಓಡುತ್ತಲೇ ಇರಬಹುದು, ಅಳಿಸಿಯೇ ನೋಡಬೇಕು. ವೆಬ್‌ಕ್ಯಾಮ್ ಮತ್ತು ಕ್ಯಾಪ್ಚರ್ ಕಾರ್ಡ್‌ಗಳನ್ನು ಮೊದಲು ಶಂಕಿಸಿ.

ಒಬಿಎಸ್ ತೆರೆಯುವುದೇ ಇಲ್ಲವೆನ್ನಿ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಎರಡು ಶೇಕಡಾ ಚಿಹ್ನೆಗಳ ನಡುವೆ ಆಪ್‌ಡೇಟಾ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ಅಲ್ಲಿನ ಒಬಿಎಸ್ ಸ್ಟುಡಿಯೊ ಫೋಲ್ಡರನ್ನು ಅಳಿಸದೆ, ಹೆಸರು ಮಾತ್ರ ಬದಲಿಸಿ. ಈಗ ಒಬಿಎಸ್ ಹೊಚ್ಚಹೊಸದರಂತೆ ತೆರೆದುಕೊಂಡರೆ ದೋಷ ಹಳೆಯ ಸೆಟ್ಟಿಂಗ್ಸ್‌ನಲ್ಲಿತ್ತು. ಹಳೆಯ ಫೋಲ್ಡರಿನ ಬೇಸಿಕ್ ಒಳಗಿರುವ ಸೀನ್ಸ್ ಫೋಲ್ಡರನ್ನಷ್ಟೇ ಹೊಸದಕ್ಕೆ ನಕಲು ಮಾಡಿದರೆ ಶ್ರಮಪಟ್ಟು ಕಟ್ಟಿದ ಸೀನ್‌ಗಳು ಮರಳುತ್ತವೆ. ಅದನ್ನು ನಕಲು ಮಾಡಿದ ಕೂಡಲೇ ಮತ್ತೆ ಬಿದ್ದರೆ, ದೋಷ ಸೀನ್‌ನಲ್ಲೇ ಇದೆ.

ಹಳೆಯ ಕಂಪ್ಯೂಟರಿನವರಿಗೆ ಇನ್ನೊಂದು ಮಾತು. ಎಕ್ಸ್264 ಎನ್‌ಕೋಡರ್ ಇಡೀ ಭಾರವನ್ನು ಸಿಪಿಯು ಮೇಲೆ ಹಾಕುತ್ತದೆ. ಔಟ್‌ಪುಟ್ ಪುಟದಲ್ಲಿ ಕ್ವಿಕ್‌ಸಿಂಕ್, ಎನ್‌ವೆಂಕ್ ಅಥವಾ ಎಎಂಡಿಯ ಹಾರ್ಡ್‌ವೇರ್ ಎನ್‌ಕೋಡರ್ ಇದ್ದರೆ ಅದನ್ನೇ ಆರಿಸಿ, ವಿಡಿಯೊ ಪುಟದಲ್ಲಿ 720ಪಿ ಮತ್ತು 30 ಫ್ರೇಮ್‌ಗೆ ಇಳಿಸಿ. ಪಾಠಕ್ಕೂ ಭಾಷಣಕ್ಕೂ ಅಷ್ಟು ಧಾರಾಳವಾಯಿತು.

ಇಷ್ಟಾದರೂ ಬಗೆಹರಿಯದಿದ್ದರೆ ಬಲ್ಲವರ ಸಹಾಯ ಕೇಳಿ. ‘ಕ್ರ್ಯಾಶ್ ಆಗ್ತಿದೆ’ ಎಂಬ ಒಂದು ಸಾಲು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಕ್ರ್ಯಾಶ್ ವರದಿಯನ್ನೂ ಅದೇ ಹೊತ್ತಿನ ಲಾಗ್ ಫೈಲನ್ನೂ ಕೊಡಿ. ಲಾಗ್ ಫೈಲನ್ನು ಓದಿ ಸೆಟ್ಟಿಂಗ್ಸ್‌ನ ಸಾಮಾನ್ಯ ತಪ್ಪುಗಳನ್ನು ತೋರಿಸುವ ಲಾಗ್ ಅನಲೈಸರ್ ಒಬಿಎಸ್‌ನ ಜಾಲತಾಣದಲ್ಲೇ ಇದೆ. ಪ್ರೊಫೈಲ್ ಫೋಲ್ಡರನ್ನು ಮಾತ್ರ ಯಾರಿಗೂ ಕಳಿಸಬೇಡಿ. ನಿಮ್ಮ ಚಾನೆಲ್‌ನ ಸ್ಟ್ರೀಮ್ ಕೀ ಅದರೊಳಗಿರುತ್ತದೆ, ಅದು ಸಿಕ್ಕಿದವರು ನಿಮ್ಮ ಹೆಸರಿನಲ್ಲಿ ಲೈವ್ ಹೋಗಬಹುದು. ಈಗಾಗಲೇ ಕಳಿಸಿಬಿಟ್ಟಿದ್ದರೆ ಯೂಟ್ಯೂಬ್ ಸ್ಟುಡಿಯೊದಲ್ಲಿ ಸ್ಟ್ರೀಮ್ ಕೀಯನ್ನು ಇವತ್ತೇ ರೀಸೆಟ್ ಮಾಡಿ.