ರಕ್ತದ ಕಿರುಬಿಲ್ಲೆಗಳೂ ಗಾಯಗೊಂಡ ಸ್ನಾಯುರಜ್ಜುವೂ

ಓಟದಲ್ಲಿ ಹೆಸರು ಗಳಿಸಿದ ನಮ್ಮ ತರಗತಿಯ ವಿದ್ಯಾರ್ಥಿಯೊಬ್ಬನು ಕೆಲವು ತಿಂಗಳುಗಳಿಂದ ಹಿಮ್ಮಡಿಯ ನೋವಿನಿಂದ ಕುಂಟುತ್ತಿದ್ದನು. ಅವನ ರಕ್ತವನ್ನೇ ತೆಗೆದು, ಯಂತ್ರದಲ್ಲಿ ತಿರುಗಿಸಿ, ಅದರ ಒಂದು ಭಾಗವನ್ನು ನೋವಿರುವೆಡೆಗೆ ಚುಚ್ಚಿದರೆ ಗುಣವಾಗುವುದೆಂದು ಯಾರೋ ಹೇಳಿದ್ದರು. “ಸಾರ್, ಸಾಲ ಮಾಡಿಯಾದರೂ ಕೊಡಿಸುತ್ತೇವೆ ಎನ್ನುತ್ತಾರೆ ಮನೆಯಲ್ಲಿ, ಮಾಡಿಸಲೇ?” ಎಂದು ಕೇಳಿದನು. ನಾವು ವೈದ್ಯರಲ್ಲ. ಆದರೆ ಈ ಚಿಕಿತ್ಸೆಯಲ್ಲಿ ಭೌತಶಾಸ್ತ್ರದ ಪಾಲೂ ಸಾಕಷ್ಟುಂಟು.

ಮೀನಖಂಡದ ಸ್ನಾಯುಗಳನ್ನು ಹಿಮ್ಮಡಿಯ ಎಲುಬಿಗೆ ಬಿಗಿದಿರುವ ಹುರಿಯೇ ಅಕಿಲಿಸ್ ರಜ್ಜು. ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು ಒತ್ತೊತ್ತಾಗಿ ಸಾಲುಗೊಂಡು ಇದಾಗಿದೆ. ಓಡುವಾಗ ದೇಹದ ತೂಕದ ಹಲವು ಪಟ್ಟು ಎಳೆತವನ್ನು ಇದು ತಾಳಬೇಕು. ಇಷ್ಟು ಬಲಶಾಲಿಯಾದ ಈ ರಜ್ಜುವಿಗೆ ರಕ್ತದ ಪೂರೈಕೆ ಮಾತ್ರ ಕಡಮೆ; ಆದುದರಿಂದ ಕೆಟ್ಟರೆ ಬಹು ನಿಧಾನವಾಗಿ ಮಾಯುತ್ತದೆ.

ರಕ್ತದಲ್ಲಿ ಪ್ಲೇಟ್‌ಲೆಟ್ ಎಂಬ ಕಿರುಬಿಲ್ಲೆಗಳಿವೆ. ಒಂದು ಘನ ಮಿಲಿಮೀಟರಿನಲ್ಲಿ ಇವು 1,50,000ದಿಂದ 4,50,000ದವರೆಗೆ ಇರುತ್ತವೆ. ಗಾಯವಾದಾಗ ರಕ್ತವನ್ನು ಹೆಪ್ಪುಗಟ್ಟಿಸುವುದು ಇವುಗಳ ಕೆಲಸವೆಂಬುದು ವಾಚಕರಿಗೆ ತಿಳಿದುದೇ. ಇನ್ನೊಂದು ಗುಣ 1974ರಲ್ಲಿ ಬೆಳಕಿಗೆ ಬಂದಿತು. ಹೆಪ್ಪುಗಟ್ಟಿದ ರಕ್ತದಿಂದ ಸೋಸಿದ ದ್ರವದಲ್ಲಿ ಜೀವಕೋಶಗಳು ಚೆನ್ನಾಗಿ ವೃದ್ಧಿಯಾಗುತ್ತವೆ; ಕಿರುಬಿಲ್ಲೆಗಳನ್ನು ಮೊದಲೇ ತೆಗೆದುಹಾಕಿದ ದ್ರವದಲ್ಲಿ ಹಾಗಾಗುವುದಿಲ್ಲ. ಇದನ್ನು ಅಮೆರಿಕದ ರಸೆಲ್ ರಾಸ್ ಮತ್ತು ಸಂಗಡಿಗರು ಕಂಡರು. ಜೀವಕೋಶಗಳನ್ನು ಬೆಳೆಸುವ ವಸ್ತುಗಳು ಆ ಬಿಲ್ಲೆಗಳೊಳಗೇ ಅಡಗಿದ್ದುವು! ಹಾಗಾದರೆ ಅವನ್ನೇ ಸಾಂದ್ರೀಕರಿಸಿ ರಜ್ಜುವಿಗೆ ಏಕೆ ನೀಡಬಾರದು?

ಸಾಂದ್ರೀಕರಿಸುವ ಬಗೆ ಹಾಲಿನಿಂದ ಕೆನೆ ತೆಗೆಯುವ ಯಂತ್ರದ ಬಗೆಯೇ. ಹೆಪ್ಪುಗಟ್ಟದಂತೆ ಸಿಟ್ರೇಟ್ ಬೆರೆಸಿದ ರಕ್ತದ ನಳಿಗೆ ನಿಮಿಷಕ್ಕೆ 1,500 ಸುತ್ತು ತಿರುಗುತ್ತಿದೆ ಎಂದಿಟ್ಟುಕೊಳ್ಳೋಣ. ಅಕ್ಷದಿಂದ 10 ಸೆಂಟಿಮೀಟರು ದೂರದಲ್ಲಿ ವೇಗೋತ್ಕರ್ಷ ಗುರುತ್ವದ ಸುಮಾರು 250 ಪಟ್ಟಾಗುತ್ತದೆ. ವಿದ್ಯಾರ್ಥಿಗಳು ಲೆಕ್ಕಮಾಡಿ ನೋಡಬಹುದು. ಸ್ಟೋಕ್ಸ್ ನಿಯಮದಂತೆ ಕಣವು ಮುಳುಗುವ ವೇಗ ಅದರ ವ್ಯಾಸದ ವರ್ಗಕ್ಕೂ, ಕಣ ಮತ್ತು ದ್ರವಗಳ ಸಾಂದ್ರತೆಯ ಅಂತರಕ್ಕೂ ಅನುಪಾತದಲ್ಲಿರುತ್ತದೆ. ಕೆಂಪುಕಣದ ವ್ಯಾಸ ಕಿರುಬಿಲ್ಲೆಯ ವ್ಯಾಸದ ಸುಮಾರು ಮೂರರಷ್ಟು, ಸಾಂದ್ರತೆಯ ಅಂತರ ಎರಡರಷ್ಟು. ಎಂದರೆ ಅದು ಹದಿನೆಂಟು ಪಟ್ಟು ಬೇಗ ತಳ ಸೇರಬೇಕು. (ಎರಡೂ ಗೋಳಗಳಲ್ಲವಾದ್ದರಿಂದ ಇದು ಸ್ಥೂಲವಾದ ಅಂದಾಜು.) ಸರಿಯಾದ ಹೊತ್ತಿಗೆ ಯಂತ್ರ ನಿಲ್ಲಿಸಿದರೆ ಕೆಂಪು ಕೆಳಗೆ, ಕಿರುಬಿಲ್ಲೆ ತುಂಬಿದ ಹಳದಿ ದ್ರವ ಮೇಲೆ. ಆಸ್ಪತ್ರೆಗಳಲ್ಲಿ ಪಿ.ಆರ್.ಪಿ. ಎನ್ನುವುದು ಇದನ್ನೇ.

ತರ್ಕವೇನೋ ಸೊಗಸಾಗಿದೆ. ಫಲವೆಷ್ಟು? 2010ರಲ್ಲಿ ಪ್ರಕಟವಾದ ಡಚ್ ಪರೀಕ್ಷೆಯೊಂದರಲ್ಲಿ ಅಕಿಲಿಸ್ ರಜ್ಜುವಿನ ಹಳೆಯ ನೋವುಳ್ಳ 54 ಜನರನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ಈ ದ್ರವ, ಇನ್ನೊಂದಕ್ಕೆ ಬರಿಯ ಉಪ್ಪುನೀರು. ಯಾರಿಗೆ ಯಾವುದೆಂದು ರೋಗಿಗಳಿಗೆ ತಿಳಿಯದು. ವ್ಯಾಯಾಮ ಎಲ್ಲರಿಗೂ ಒಂದೇ. 24 ವಾರಗಳ ಬಳಿಕ ನೂರು ಅಂಕಗಳ ಅಳತೆಯಲ್ಲಿ ಮೊದಲ ಗುಂಪು 21.7 ಅಂಕ ಸುಧಾರಿಸಿತ್ತು. ಉಪ್ಪುನೀರಿನ ಗುಂಪು 20.5! ಉಪ್ಪುನೀರಿನ ಗುಂಪೊಂದು ಇಲ್ಲದಿದ್ದರೆ ಮೊದಲನೆಯ ಅಂಕಿಯನ್ನು ಕಂಡು ನಾವೆಲ್ಲರೂ ಜಯಘೋಷ ಮಾಡುತ್ತಿದ್ದೆವು. 2021ರಲ್ಲಿ ಬ್ರಿಟನ್ನಿನ 240 ರೋಗಿಗಳ ಪರೀಕ್ಷೆಯೂ ಇದನ್ನೇ ಹೇಳಿತು. ಹರಿದ ರಜ್ಜುವಿಗೆ ನೀಡಿ ನೋಡಿದ 2019ರ ಪರೀಕ್ಷೆಯಲ್ಲೂ ಲಾಭ ಕಾಣಲಿಲ್ಲ.

ಏಕೆ ಹೀಗೆ? ಒಂದೊಂದು ಯಂತ್ರ ಒಂದೊಂದು ಬಗೆಯ ದ್ರವ ಕೊಡುತ್ತದೆ. ಕೆಲವದರಲ್ಲಿ ಬಿಳಿಕಣಗಳೂ ಸೇರುತ್ತವೆ. ಬಿಲ್ಲೆಗಳು ತಮ್ಮ ವಸ್ತುಗಳನ್ನು ಬಹುಮಟ್ಟಿಗೆ ಕೆಲವೇ ಗಂಟೆಗಳಲ್ಲಿ ಬಿಟ್ಟುಬಿಡುತ್ತವೆ. ರಜ್ಜು ಹೊಸದಾಗಿ ಕಟ್ಟಿಕೊಳ್ಳಲು ತಿಂಗಳುಗಳೇ ಬೇಕು. ಈ ಎರಡನೆಯ ಕಾರಣವೇ ಮುಖ್ಯವಿರಬಹುದೆಂದು ನಮಗೆ ತೋರುತ್ತದೆ. ರಜ್ಜುವಿನ ಜೀವಕೋಶಗಳು ಎಳೆತಕ್ಕೆ ಓಗೊಡುತ್ತವೆ, ಮತ್ತು ಎಳೆತವನ್ನು ದಿನದಿನವೂ ಕೊಡಬಹುದು. ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ಮೆಲ್ಲಗೆ ಇಳಿಸುವ ವ್ಯಾಯಾಮವನ್ನು ಸ್ವೀಡನ್ನಿನ ಆಲ್ಫ್ರೆಡ್‌ಸನ್ 1998ರಲ್ಲಿ ವರದಿಮಾಡಿದರು: ದಿನಕ್ಕೆ 180 ಬಾರಿ, 12 ವಾರ. ಅವರ 15 ಜನರೂ ಮತ್ತೆ ಓಡಿದರು. ಮುಂದೆ ಇದನ್ನು ಮಾಡಿದ ಎಲ್ಲರಿಗೂ ಅಷ್ಟು ಫಲ ಸಿಕ್ಕಿಲ್ಲವೆಂಬುದನ್ನೂ ಹೇಳಬೇಕು.

ನಮ್ಮ ವಿದ್ಯಾರ್ಥಿಗೆ ಆ ಎರಡು ಅಂಕಿಗಳನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿ, ಅವನ್ನೇ ವೈದ್ಯರ ಮುಂದಿಟ್ಟು ಕೇಳೆಂದೆವು. ಸಾಲದ ಮಾತು ಸದ್ಯಕ್ಕೆ ನಿಂತಿದೆ. ವೈದ್ಯರ ಒಪ್ಪಿಗೆ ಪಡೆದು ಅವನೀಗ ಹಾಸ್ಟೆಲಿನ ಮೆಟ್ಟಿಲಿನ ಮೇಲೆ ದಿನಾ ಎಣಿಸುತ್ತಿದ್ದಾನೆ. ಇದು ಐದನೆಯ ವಾರ.